ನಾಯಿಗಳ ಐಎಂಎಚ್‌ಎ ಸಂಶೋಧನೆಗೆ ಹಣ ಕೊಡಬೇಕು ಅಂತಿದ್ದೇವೆ, ಎಲ್ಲಿಗೆ ಕೊಡುವುದು?

ಹಾಸನದ_ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಅಮೆರಿಕದ ನಾರ್ತ್ ಕೆರೊಲಿನಾದ ರಾಲಿಯಲ್ಲಿ. ನಮ್ಮ ಕಾಕರ್ ಸ್ಪ್ಯಾನಿಯಲ್ ಚಿನ್ನು ಹೋದ ವರ್ಷ ಐಎಂಎಚ್‌ಎ ಬಂದು ತೀರಿಕೊಂಡಳು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದು ತನ್ನದೇ ಕೆಂಪು ರಕ್ತಕಣಗಳನ್ನು ನಾಶ ಮಾಡುವ ಕಾಯಿಲೆ ಇದು. ವಸಡು ಬಿಳಿಚಿಕೊಂಡಿತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಮೆಟ್ಟಿಲು ಹತ್ತಲೂ ಆಗದ ಹಾಗಾದಳು. ರಕ್ತ ಕೊಟ್ಟರು, ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಔಷಧಿ ಕೊಟ್ಟರು. ಸ್ವಲ್ಪ ಚೇತರಿಸಿಕೊಂಡಳು ಅನ್ನುವಷ್ಟರಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಹೋಗಿಬಿಟ್ಟಳು.

ಡಾಕ್ಟರ ಮೇಲೆ ನನಗೆ ಯಾವ ದೂರೂ ಇಲ್ಲ, ಕೈಲಾದದ್ದೆಲ್ಲ ಮಾಡಿದರು. ಆದರೆ ಯಾಕೆ ಬಂತು, ಎರಡನೇ ಔಷಧಿಯಾಗಿ ಯಾವುದು ಒಳ್ಳೆಯದು, ಎಷ್ಟು ದಿನ ಕೊಡಬೇಕು ಅಂತ ನಾನು ಏನೇ ಕೇಳಿದರೂ "ಇನ್ನೂ ಖಚಿತವಾಗಿ ಗೊತ್ತಿಲ್ಲ" ಅನ್ನುವ ಉತ್ತರವೇ ಬರುತ್ತಿತ್ತು. ಅದು ನನ್ನನ್ನು ಬಿಡುತ್ತಿಲ್ಲ.

ನಾನು, ತಂಗಿ, ಒಂದಷ್ಟು ಸ್ನೇಹಿತರು ಸೇರಿ ಸುಮಾರು ಎರಡು ಸಾವಿರ ಡಾಲರ್ ಒಟ್ಟು ಮಾಡಿದ್ದೇವೆ. ಇಂಥ ಸಂಶೋಧನೆಗೆ ಹಣ ಕೊಡುವ ಎಕೆಸಿ (ಅಮೆರಿಕನ್ ಕೆನಲ್ ಕ್ಲಬ್) ಕೇನೈನ್ ಹೆಲ್ತ್ ಫೌಂಡೇಶನ್ ಇಲ್ಲಿದೆ, ಡೆನ್ವರ್‌ನಲ್ಲಿ ಮಾರಿಸ್ ಅನಿಮಲ್ ಫೌಂಡೇಶನ್ ಇದೆ. ಅಪ್ಪ ಮಾತ್ರ "ಅಮೆರಿಕದವರಿಗೆ ದುಡ್ಡಿಗೇನು ಬರ? ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಕೊಡು, ನಮ್ಮ ಊರ ನಾಯಿಗಳಿಗಾದರೂ ಉಪಯೋಗ ಆಗಲಿ" ಅನ್ನುತ್ತಾರೆ. ಇಷ್ಟು ಸಣ್ಣ ಮೊತ್ತದಿಂದ ಏನಾದರೂ ಆಗುತ್ತದಾ? ಆಗುವುದಾದರೆ ಎಲ್ಲಿ?

ಪಶುವೈದ್ಯ_ಮೈಸೂರು:

ಚಿನ್ನು ವಿಷಯ ಕೇಳಿ ಬೇಜಾರಾಯಿತು ಮೇಡಂ. ಕಾಕರ್‌ಗಳಲ್ಲಿ ಈ ಕಾಯಿಲೆ ಜಾಸ್ತಿ. ನಿಮ್ಮ ಡಾಕ್ಟರು "ಗೊತ್ತಿಲ್ಲ" ಅಂದದ್ದು ಪ್ರಾಮಾಣಿಕವಾದ ಮಾತು. ಪ್ರೆಡ್ನಿಸೊಲೋನ್ ಮನುಷ್ಯರಿಗೆ 1950ರ ದಶಕದಲ್ಲಿ ಬಂದ ಔಷಧಿ, ಇವತ್ತಿಗೂ ಐಎಂಎಚ್‌ಎಗೆ ನಾವು ಮೊದಲು ಕೊಡುವುದು ಅದನ್ನೇ. ಅದರ ಜೊತೆಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಇನ್ನೊಂದು ಔಷಧಿಯಾಗಿ ಅಜಥಯೋಪ್ರಿನ್ ಕೊಡುವುದಾ, ಮೈಕೋಫಿನೊಲೇಟ್ ಕೊಡುವುದಾ, ಸೈಕ್ಲೋಸ್ಪೋರಿನ್ ಕೊಡುವುದಾ, ಯಾವುದರಿಂದ ಹೆಚ್ಚು ನಾಯಿಗಳು ಬದುಕುತ್ತವೆ ಅಂತ ಗಟ್ಟಿಯಾಗಿ ಹೇಳುವ ದೊಡ್ಡ ಪ್ರಯೋಗ ಇನ್ನೂ ಆಗಿಲ್ಲ. ಎಸಿವಿಐಎಂ ಅನ್ನುವ ಅಮೆರಿಕದ ತಜ್ಞರ ಸಂಸ್ಥೆ 2019ರಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ತಂದಿತು. ಅದರಲ್ಲೇ ಎಷ್ಟೋ ಸಲಹೆಗಳಿಗೆ ಆಧಾರ ದುರ್ಬಲ ಅಂತ ಅವರೇ ಬರೆದಿದ್ದಾರೆ. ಹೆಪ್ಪುಗಟ್ಟುವುದನ್ನು ತಡೆಯಲು ಕ್ಲೋಪಿಡೊಗ್ರೆಲ್, ಹೆಪಾರಿನ್ ಎಲ್ಲ ಕೊಡುತ್ತೇವೆ, ಅಲ್ಲೂ ಇದೇ ಕಥೆ.

ಅಪ್ಪನವರ ಮಾತು ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಉಣ್ಣೆ ಕಾಟ ಗೊತ್ತಲ್ಲ. ರಕ್ತ ಒಡೆಯುತ್ತಿರುವ ನಾಯಿ ಬಂದರೆ ನಾನು ಮೊದಲು ಉಣ್ಣೆ ಕಚ್ಚಿ ಹರಡುವ ಬಬೇಸಿಯಾ, ಎರ್ಲಿಕಿಯಾ ಸೋಂಕುಗಳಿವೆಯಾ ಅಂತ ನೋಡುತ್ತೇನೆ. ಬಬೇಸಿಯಾ ಗಿಬ್ಸೊನಿ ಕೆಂಪು ಕಣದ ಒಳಗೇ ಕೂತುಕೊಳ್ಳುವ ಪರೋಪಜೀವಿ, ಅದೇ ಐಎಂಎಚ್‌ಎಯನ್ನು ಕೆರಳಿಸಬಲ್ಲದು. ಸೋಂಕು ಒಳಗಿದೆ ಅಂತ ಗೊತ್ತಾಗದೆ ಬರೀ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಕೊಡುತ್ತಾ ಹೋದರೆ ಮೂಲ ರೋಗ ಹಾಗೇ ಉಳಿಯುತ್ತದೆ.

ಈಗ ನೋಡಿ, ಬಬೇಸಿಯಾ ಗಿಬ್ಸೊನಿಗೆ ನಾವು ಇಲ್ಲಿ ಕೊಡುವ ಅಟೊವಾಕ್ವೋನ್ ಮತ್ತು ಅಜಿಥ್ರೋಮೈಸಿನ್ ಜೋಡಿ ಕೆಲಸ ಮಾಡುತ್ತದೆ ಅಂತ 2004ರಲ್ಲಿ ತೋರಿಸಿದ್ದು ನಿಮ್ಮ ಊರಿನವರೇ, ರಾಲಿಯ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ. ಸಣ್ಣ ಅಧ್ಯಯನ ಅದು. ಮೈಸೂರಿನ ನಾಯಿಗೆ ಅದರಿಂದ ಉಪಯೋಗ ಆಗಿದೆ. ಹಾಗಾಗಿ ಅಲ್ಲಿ ಕೊಟ್ಟ ದುಡ್ಡು ಅಲ್ಲೇ ಉಳಿದುಬಿಡುತ್ತದೆ ಅಂತ ಅಪ್ಪನವರು ಅಂದುಕೊಳ್ಳಬೇಕಾಗಿಲ್ಲ.

ಸರ್ಕಾರದ ಹಣ ಬರಲಿ ಅಂತ ಕಾಯುವ ಹಾಗಿಲ್ಲ. ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲಾ ತಡೆಗೆ ಕೇಂದ್ರ 2019ರಲ್ಲಿ 13,343 ಕೋಟಿ ರೂಪಾಯಿಯ ಯೋಜನೆ ತಂದಿತು. ಅದು ಸರಿಯೇ, ರೈತನ ಬದುಕು ದನಕರುವಿನ ಮೇಲೆ ನಿಂತಿದೆ. ನಾಯಿಯ ರಕ್ತದ ಕಾಯಿಲೆಗೆ ಯಾವ ದೇಶದಲ್ಲೂ ಅಂಥ ಹಣ ಹರಿಯುವುದಿಲ್ಲ, ನಾಯಿ ಸಾಕಿದವರೇ ಕೊಡಬೇಕು.

ಲ್ಯಾಬ್_ಬೆಂಚು:

ನಾನು ಇಮ್ಯುನಾಲಜಿಯಲ್ಲಿ, ಅಂದರೆ ರೋಗನಿರೋಧಕ ವ್ಯವಸ್ಥೆಯ ಬಗ್ಗೆ, ಸಂಶೋಧನೆ ಮಾಡುವವಳು, ನಾಯಿಗಳ ಮೇಲೆ ಅಲ್ಲ, ಆದರೂ ಒಂದೆರಡು ಮಾತು ಹೇಳಬಹುದು.

ಮನುಷ್ಯರ ಔಷಧಿಯನ್ನೇ ನಾಯಿಗೆ ಕೊಟ್ಟರಾಗದಾ ಅಂತ ತುಂಬಾ ಜನ ಕೇಳುತ್ತಾರೆ. ಮನುಷ್ಯರಿಗೆ ಇದೇ ಥರದ ಕಾಯಿಲೆ ಬಂದಾಗ ರಿಟುಕ್ಸಿಮ್ಯಾಬ್ ಅನ್ನುವ ಆಂಟಿಬಾಡಿ ಔಷಧಿ ಕೊಡುತ್ತಾರೆ, ಅದು ರೋಗನಿರೋಧಕ ವ್ಯವಸ್ಥೆಯ ಬಿ ಕೋಶಗಳ ಮೇಲಿರುವ ಸಿಡಿ20 ಅನ್ನುವ ಪ್ರೋಟೀನಿಗೆ ಅಂಟಿಕೊಂಡು ಆ ಕೋಶಗಳನ್ನು ತೆಗೆದುಹಾಕುತ್ತದೆ. ನಾಯಿಯ ಸಿಡಿ20 ಸ್ವಲ್ಪ ಬೇರೆ ಥರ ಇರುವುದರಿಂದ ಅದಕ್ಕೆ ಇದು ಸರಿಯಾಗಿ ಅಂಟುವುದೇ ಇಲ್ಲ. ನಾಯಿಗೆ ಅಂತಲೇ ಬೇರೆ ಆಂಟಿಬಾಡಿ ಮಾಡಬೇಕು, ಮಾಡಿದ ಮೇಲೆ ಅದನ್ನು ಕಾಯಿಲೆಯ ನಾಯಿಗಳಲ್ಲೇ ಪರೀಕ್ಷಿಸಬೇಕು.

ಲಸಿಕೆಯಿಂದ ಈ ಕಾಯಿಲೆ ಬರುತ್ತದಾ ಅನ್ನುವುದಕ್ಕೂ ಖಚಿತ ಉತ್ತರ ಇಲ್ಲ. 1996ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಐಎಂಎಚ್‌ಎ ಬಂದ 58 ನಾಯಿಗಳ ದಾಖಲೆ ನೋಡಿದಾಗ ಅವುಗಳಲ್ಲಿ 15ಕ್ಕೆ ಹಿಂದಿನ ಒಂದು ತಿಂಗಳೊಳಗೆ ಲಸಿಕೆ ಆಗಿತ್ತು. ಆಮೇಲೆ ಬೇರೆಯವರು ನೋಡಿದಾಗ ಅಂಥ ನಂಟು ಕಾಣಲಿಲ್ಲ. ಇಷ್ಟು ವರ್ಷ ಆದರೂ ಪ್ರಶ್ನೆ ಪೂರ್ತಿ ತೀರಿಲ್ಲ, ಯಾಕೆಂದರೆ ಒಂದು ಆಸ್ಪತ್ರೆಗೆ ವರ್ಷಕ್ಕೆ ಬರುವ ಇಂಥ ನಾಯಿಗಳೇ ಕಡಿಮೆ. ಹತ್ತಾರು ಆಸ್ಪತ್ರೆಗಳು ಸೇರಿ ಒಂದೇ ಕ್ರಮದಲ್ಲಿ ಕೆಲಸ ಮಾಡಿದರೆ ಮಾತ್ರ ಉತ್ತರ ಸಿಗುತ್ತದೆ. (ಇದನ್ನು ಓದಿ ಯಾರೂ ರೇಬಿಸ್ ಲಸಿಕೆ ಬಿಡಬೇಡಿ, ದಯವಿಟ್ಟು.)

ಎರಡು ಸಾವಿರ ಡಾಲರ್‌ಗೆ ಒಂದು ಅಧ್ಯಯನ ಆಗುವುದಿಲ್ಲ, ನಿಜ. ಆದರೆ ಮಾರಿಸ್ ಫೌಂಡೇಶನ್ ಹುಟ್ಟಿದ ಕಥೆ ನೋಡಿ. ಬಡ್ಡಿ ಅನ್ನುವ ಒಂದು ಮಾರ್ಗದರ್ಶಿ ನಾಯಿಗೆ ಮೂತ್ರಪಿಂಡದ ಕಾಯಿಲೆ ಇತ್ತು, ಡಾಕ್ಟರ್ ಮಾರ್ಕ್ ಮಾರಿಸ್ ಅದಕ್ಕೆ ಪಥ್ಯದ ಆಹಾರ ಮಾಡಿಕೊಟ್ಟರು. ಆ ಆಹಾರ ಡಬ್ಬಿಯಲ್ಲಿ ಮಾರಾಟಕ್ಕೆ ಬಂದಾಗ ಡಬ್ಬಿಗೆ ಅರ್ಧ ಸೆಂಟ್ ಲೆಕ್ಕದಲ್ಲಿ ಬಂದ ರಾಯಧನದಿಂದ 1948ರಲ್ಲಿ ಸಂಸ್ಥೆ ಶುರುವಾಯಿತು. ಅದೇ ಸಂಸ್ಥೆ ಈಗ 3,000ಕ್ಕೂ ಹೆಚ್ಚು ಗೋಲ್ಡನ್ ರಿಟ್ರೀವರ್‌ಗಳನ್ನು ಜೀವನಪೂರ್ತಿ ಗಮನಿಸುವ ಅಧ್ಯಯನ ನಡೆಸುತ್ತಿದೆ.

ನನ್ನ ಸಲಹೆ ಇಷ್ಟು. ಎಕೆಸಿ ಫೌಂಡೇಶನ್ ತಾನು ಹಣ ಕೊಟ್ಟ ಅಧ್ಯಯನಗಳ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕುತ್ತದೆ, ಯಾರು ಮಾಡುತ್ತಿದ್ದಾರೆ, ಏನು ಕೇಳುತ್ತಿದ್ದಾರೆ ಎಲ್ಲ ಇರುತ್ತದೆ. ಐಎಂಎಚ್‌ಎ ಮೇಲೆ ಈಗ ಏನು ನಡೆಯುತ್ತಿದೆ ಅಂತ ಓದಿ. ಒಂದು ಅಧ್ಯಯನದ ಹೆಸರು ಹೇಳಿ, ಇದಕ್ಕೇ ಕೊಡಬಹುದಾ ಅಂತ ಅವರನ್ನೇ ಕೇಳಿ. ಸುಮ್ನೆ "ನಾಯಿಗಳ ಆರೋಗ್ಯಕ್ಕೆ" ಅಂತ ಕೊಟ್ಟರೆ ನಿಮ್ಮ ಹಣ ಯಾವ ಕಾಯಿಲೆಗೆ ಹೋಯಿತು ಅಂತಲೂ ತಿಳಿಯುವುದಿಲ್ಲ. ನಿಮ್ಮ ಕಂಪನಿ ಉದ್ಯೋಗಿಗಳ ದಾನಕ್ಕೆ ಸಮನಾಗಿ ತಾನೂ ಸೇರಿಸಿ ಕೊಡುತ್ತದಾ ಅಂತ ವಿಚಾರಿಸಿ, ಅಮೆರಿಕದಲ್ಲಿ ಎಷ್ಟೋ ಕಂಪನಿಗಳು ಕೊಡುತ್ತವೆ.

ಬಸವನಗುಡಿ_ಬ್ರೂನೋ_ಅಪ್ಪ:

ಹಣ ಸಂಶೋಧನೆಗೇ ಹೋಗಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸಂಶೋಧನೆ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ನನ್ನ ಬ್ರೂನೋಗೆ ಐಟಿಪಿ ಬಂದಿತ್ತು, ಅಂದರೆ ಇದೇ ಜಾತಿಯ ಕಾಯಿಲೆ, ಕೆಂಪು ಕಣದ ಬದಲು ಪ್ಲೇಟ್‌ಲೆಟ್ ಮೇಲೆ ದಾಳಿ. ಮೂಗಿನಿಂದ ರಕ್ತ ಸೋರುತ್ತಾ ಅವನು ಮಲಗಿದ್ದಾಗ ನಾನು ರಾತ್ರಿಯೆಲ್ಲ ವಾಟ್ಸಾಪ್ ಗುಂಪುಗಳಲ್ಲಿ "ಯಾರ ಹತ್ತಿರವಾದರೂ ದೊಡ್ಡ ನಾಯಿ ಇದೆಯಾ, ರಕ್ತ ಕೊಡುತ್ತೀರಾ" ಅಂತ ಬೇಡುತ್ತಿದ್ದೆ. ಒಬ್ಬರು ಪುಣ್ಯಾತ್ಮರು ತಮ್ಮ ಲ್ಯಾಬ್ರಡಾರ್ ಕರೆದುಕೊಂಡು ಬಂದರು, ಬ್ರೂನೋ ಉಳಿದ. ಚೆನ್ನೈನ ಮದ್ರಾಸ್ ಪಶುವೈದ್ಯ ಕಾಲೇಜಿನಲ್ಲಿ ಪ್ರಾಣಿಗಳ ರಕ್ತನಿಧಿ ಇದೆ. ಅಂಥದ್ದು ಪ್ರತಿ ದೊಡ್ಡ ಊರಿನಲ್ಲೂ ಇರಬೇಕು. ಹತ್ತು ವರ್ಷ ಆದ ಮೇಲೆ ಬರುವ ಔಷಧಿಗಿಂತ ಇವತ್ತು ರಾತ್ರಿ ಸಿಗುವ ಒಂದು ಚೀಲ ರಕ್ತ ದೊಡ್ಡದು. ಕಂಪನಿ ಕಾಯ್ದೆ 2013ರ ಏಳನೇ ಅನುಸೂಚಿಯಲ್ಲಿ ಪ್ರಾಣಿ ಕಲ್ಯಾಣವೂ ಇದೆ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣವನ್ನು ಇದಕ್ಕೆ ಕೇಳಬಹುದು. ಯಾರೂ ಕೇಳುತ್ತಿಲ್ಲ ಅಷ್ಟೇ.

ಪಶುವೈದ್ಯ_ಮೈಸೂರು:

ಸರ್, ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು, ಆ ಥರದ ಫೋನ್ ನನಗೂ ಬರುತ್ತವೆ. ರಕ್ತ ಸಮಯ ಕೊಡುತ್ತದೆ, ಆ ಸಮಯದಲ್ಲಿ ಏನು ಮಾಡಬೇಕು ಅನ್ನುವುದನ್ನು ಸಂಶೋಧನೆಯೇ ಹೇಳಬೇಕು. ಚಿನ್ನುಗೆ ರಕ್ತ ಸಿಕ್ಕಿತ್ತು ಅಲ್ವಾ, ಅವಳು ಹೋಗಿದ್ದು ಹೆಪ್ಪುಗಟ್ಟಿದ್ದರಿಂದ. ಹಾಗಂತ ರಕ್ತನಿಧಿಯೂ ಸಂಶೋಧನೆಯೂ ಬೇರೆ ಬೇರೆ ದಾರಿ ಏನಲ್ಲ. ದಾನಿ ನಾಯಿಯ ರಕ್ತ ತೆಗೆಯುವ ಮುಂಚೆ ಉಣ್ಣೆಯಿಂದ ಹರಡುವ ರೋಗಗಳಿವೆಯಾ ಅಂತ ನೋಡಲೇಬೇಕು. ಆ ಫಲಿತಾಂಶಗಳನ್ನು ಸರಿಯಾಗಿ ಬರೆದಿಟ್ಟರೆ, ಆರೋಗ್ಯವಾಗಿ ಕಾಣುವ ನಾಯಿಗಳಲ್ಲಿ ಬಬೇಸಿಯಾ ಎಷ್ಟಿದೆ ಅನ್ನುವ ಮಾಹಿತಿ ನಮ್ಮಲ್ಲೇ ಸಿಗುತ್ತದೆ.

ಹಾಸನದ_ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. 2004ರ ಆ ಅಧ್ಯಯನದ ವಿಷಯವನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದರೆ ನಿನ್ನ ದುಡ್ಡು ಅಲ್ಲೇ ಕೊಡು, ನನ್ನದು ಇಲ್ಲಿ ಕೊಡುತ್ತೇನೆ" ಅಂದರು. ನಾವು ಇಲ್ಲಿ ನಡೆಯುತ್ತಿರುವ ಒಂದು ಐಎಂಎಚ್‌ಎ ಅಧ್ಯಯನಕ್ಕೇ ಕೊಡುತ್ತೇವೆ, ಕಂಪನಿಗೂ ಅರ್ಜಿ ಹಾಕಿದ್ದೇನೆ. ಊರಿನ ಕಡೆಗೂ ಸ್ವಲ್ಪ ಕಳಿಸಬೇಕು ಅಂದರೆ ತೊಂದರೆ ಇದೆಯಾ? ನಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್.

ಲ್ಯಾಬ್_ಬೆಂಚು:

ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕವೇ ಕಳಿಸಿದರೆ ಅದು ಎಫ್‌ಸಿಆರ್‌ಎ (ಭಾರತಕ್ಕೆ ಬರುವ ವಿದೇಶಿ ದೇಣಿಗೆಯ ಕಾಯ್ದೆ) ಪ್ರಕಾರ ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಅಮೆರಿಕದ ಪೌರತ್ವ ತೆಗೆದುಕೊಂಡ ಸ್ನೇಹಿತರಿದ್ದರೆ ಅವರ ಪಾಲನ್ನು ಇದರಲ್ಲಿ ಬೆರೆಸಬೇಡಿ, ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಇದ್ದರೂ ಅವರದ್ದು ವಿದೇಶಿ ಹಣವೇ. ಅವರ ಪಾಲು ಅಲ್ಲಿನ ಫೌಂಡೇಶನ್‌ಗೇ ಹೋಗಲಿ.

ಇನ್ನೊಂದು. ಇದನ್ನು ಓದುತ್ತಿರುವ ಯಾರದಾದರೂ ನಾಯಿಗೆ ಅಮೆರಿಕದಲ್ಲಿ ಈಗ ಐಎಂಎಚ್‌ಎ ಇದ್ದರೆ, ಅಮೆರಿಕದ ಪಶುವೈದ್ಯರ ಸಂಘವಾದ ಎವಿಎಂಎಯವರ ಅನಿಮಲ್ ಹೆಲ್ತ್ ಸ್ಟಡೀಸ್ ಡೇಟಾಬೇಸ್‌ನಲ್ಲಿ ಕಾಯಿಲೆಯ ಹೆಸರು ಹಾಕಿ ಹುಡುಕಿ. ನಾಯಿಗಳನ್ನು ಸೇರಿಸಿಕೊಳ್ಳುತ್ತಿರುವ ಅಧ್ಯಯನಗಳು ಅಲ್ಲಿ ಸಿಗುತ್ತವೆ. ಕಾಯಿಲೆ ಗೊತ್ತಾದ ದಿನವೇ ನಿಮ್ಮ ಡಾಕ್ಟರನ್ನೂ ಕೇಳಿ. ರಕ್ತ ಕೊಟ್ಟು, ಪ್ರೆಡ್ನಿಸೊಲೋನ್ ಶುರುವಾದ ಮೇಲೆ ತೆಗೆದ ಮಾದರಿ ಎಷ್ಟೋ ಅಧ್ಯಯನಗಳಿಗೆ ಉಪಯೋಗಕ್ಕೆ ಬರುವುದಿಲ್ಲ. ಮೊದಲ ಪರೀಕ್ಷೆಗೆ ರಕ್ತ ತೆಗೆಯುವಾಗಲೇ ಒಂದು ಟ್ಯೂಬ್ ಜಾಸ್ತಿ ತೆಗೆದಿಡಬಹುದಾ ಅಂತ ಕೇಳಿ.