ಸಹಾಯ ಬೇಕು: ಬಣ್ಣಗುರುಡು ಮಗುವಿಗೆ ಬರುವ ಸಾಧ್ಯತೆ ಲೆಕ್ಕ ಹಾಕೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನಿಗೆ ಹುಟ್ಟಿನಿಂದ ಕೆಂಪು-ಹಸಿರು ಬಣ್ಣಗುರುಡು. ಗಿಡದಲ್ಲಿ ಹಣ್ಣಾದ ಮೆಣಸಿನಕಾಯಿ ಯಾವುದು, ಹಸಿ ಯಾವುದು ಅಂತ ಈಗಲೂ ಅತ್ತೆಯನ್ನೇ ಕೇಳುತ್ತಾರೆ. ನಾನೀಗ ಬಸುರಿ. ಮಗುವಿಗೂ ಬರಬಹುದಾ ಅನ್ನೋ ಯೋಚನೆ ಬಿಡುತ್ತಿಲ್ಲ.

ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಗಂಡಿಗೆ ಎಕ್ಸ್ ಒಂದೇ, ಅದೂ ತಾಯಿಯಿಂದಲೇ ಬರೋದು. ಅಂದ್ರೆ ಅಜ್ಜಿ ಕ್ಯಾರಿಯರ್ (ತನಗೆ ಬಣ್ಣಗುರುಡು ಇಲ್ಲದಿದ್ದರೂ ಅದರ ಜೀನನ್ನು ಮಕ್ಕಳಿಗೆ ದಾಟಿಸಬಲ್ಲವರು). ಅಜ್ಜನಿಗೆ, ನಮ್ಮಪ್ಪನಿಗೆ, ನನ್ನ ಗಂಡನಿಗೆ ಬಣ್ಣ ಚೆನ್ನಾಗಿಯೇ ಕಾಣುತ್ತೆ. ಪನ್ನೆಟ್ ಚೌಕ (ತಂದೆ-ತಾಯಿಯ ಜೀನ್‌ಗಳು ಮಕ್ಕಳಲ್ಲಿ ಹೇಗೆಲ್ಲ ಸೇರಬಹುದು ಅಂತ ತೋರಿಸುವ ಕೋಷ್ಟಕ) ಬರೆದು ನೋಡಿದೆ: ಅಮ್ಮ ಕ್ಯಾರಿಯರ್ ಆಗಿರುವ ಸಾಧ್ಯತೆ 1/2, ನಾನು 1/4. ಇಲ್ಲಿವರೆಗೆ ಸರಿ.

ಸಿಕ್ಕಿಹಾಕಿಕೊಂಡಿರೋದು ಮುಂದೆ. ನನ್ನ ಇಬ್ಬರು ತಮ್ಮಂದಿರೂ ಇಶಿಹಾರ ಚುಕ್ಕಿಗಳ ಪರೀಕ್ಷೆಯಲ್ಲಿ ಎಲ್ಲ ಅಂಕಿಗಳನ್ನೂ ಸರಿಯಾಗಿ ಓದಿದ್ದಾರೆ. ಅಮ್ಮ ಕ್ಯಾರಿಯರ್ ಆಗಿದ್ದರೆ ಇಬ್ಬರೂ ತಪ್ಪಿಸಿಕೊಳ್ಳುವ ಸಾಧ್ಯತೆ 1/4 ಮಾತ್ರ. ಹಾಗಿದ್ರೆ ಅಮ್ಮನ 1/2 ಕಡಿಮೆ ಆಗಬೇಕಲ್ವಾ? ನನ್ನ ಲೆಕ್ಕಕ್ಕೆ ಅಮ್ಮನದು 1/5, ನನ್ನದು 1/10 ಬರುತ್ತಿದೆ. ಜೀವಶಾಸ್ತ್ರ ಪಾಠ ಮಾಡುವ ಗೆಳತಿ ಒಪ್ಪುತ್ತಿಲ್ಲ. ಪ್ರತಿ ಮಗುವಿನದೂ ಬೇರೆ ಬೇರೆ ಲೆಕ್ಕ, ತಮ್ಮಂದಿರನ್ನು ಸೇರಿಸಬಾರದು ಅಂತಾಳೆ.

ನನಗೆ ಗಂಡುಮಗು ಹುಟ್ಟಿದರೆ ಬಣ್ಣಗುರುಡು ಬರುವ ಸಾಧ್ಯತೆ 1/8 ಅಂತ ಹಿಡಿಯಬೇಕಾ, 1/20 ಅಂತಲಾ? ಯಾಕೆ ಅಂತ ಬಿಡಿಸಿ ಹೇಳ್ತೀರಾ?