ಸಾಕೋಕೆ ಅಂತ ಕೊಟ್ಟಿದ್ದ ವಯಸ್ಸಾದ ಪೋನಿನ ನಮ್ಮ ಹೆಸರಿಗೇ ಮಾಡಿಸ್ಕೊಳ್ಳೋದಾ? ಸಲಹೆ ಬೇಕು

ಹೆಸರಘಟ್ಟದವಳು:

ಎಲ್ಲರಿಗೂ ನಮಸ್ಕಾರ. ನಾವಿರೋದು ಹೆಸರಘಟ್ಟದ ಹತ್ರ, ಒಂದು ಎಕರೆಗಿಂತ ಸ್ವಲ್ಪ ಕಮ್ಮಿ ಸ್ವಂತ ಜಾಗ, ಎರಡು ಹಸು, ಒಂದು ಪೋನಿ (ಚಿಕ್ಕ ತಳಿ ಕುದುರೆ) ಇದೆ. ಪೋನಿ ಮಾತ್ರ ನಮ್ಮದಲ್ಲ. ಮಗಳು ರೈಡಿಂಗ್ ಕಲೀತಿದ್ದಾಗ ಪರಿಚಯ ಆದ ಒಬ್ಬರದು, ಅವರ ಮಕ್ಕಳು ಎತ್ತರ ಬೆಳೆದು ಅದರ ಮೇಲೆ ಕೂರೋದು ನಿಲ್ಲಿಸಿದ್ಮೇಲೆ 'ನಿಮ್ಮಲ್ಲಿ ಜಾಗ ಇದೆ ಇಟ್ಕೊಳ್ಳಿ, ಮೇವು ನಿಮ್ದು, ಲಾಳ ಡಾಕ್ಟರ್ ಖರ್ಚು ನಂದು' ಅಂತ ಬಾಯಿಮಾತಲ್ಲಿ ಕೊಟ್ರು. ಹೆಸರು ಮೋತಿ, ಬೀಜ ಒಡೆಸಿದ ಗಂಡು, ಅವರ ಲೆಕ್ಕದಲ್ಲಿ 24 ವರ್ಷ. ಮಗಳು ಅದರ ಮೇಲೇ ಸವಾರಿ ಕಲ್ತಿದ್ದು, ಈಗ ಅವಳೂ ಪಿಯುಸಿ ಓದಲ್ಲಿ ಮುಳುಗಿದ್ದಾಳೆ, ಹಾಗಾಗಿ ಸವಾರಿ ಅಂತೂ ಮುಗಿದ ಹಾಗೆಯೇ.

ವಿಷಯ ಏನಂದ್ರೆ ಅವರು ಮನೆಮಂದಿ ಸಮೇತ ದೇಶ ಬಿಟ್ಟು ಹೊರಟಿದ್ದಾರೆ. ದುಡ್ಡು ಏನೂ ಬೇಡ, ನಿಮ್ಮ ಹೆಸರಿಗೆ ಬರೆದುಕೊಡ್ತೀನಿ, ನಿಮಗೆ ಕಷ್ಟ ಆದ್ರೆ ಹೇಳಿ ಬೇರೆ ಕಡೆ ನೋಡ್ತೀನಿ ಅಂದಿದ್ದಾರೆ. ಬೇರೆ ಕಡೆ ಅಂದ್ರೆ ಯಾರು ಅಂತ ಕೇಳಿದ್ರೆ ಮದುವೆ ಮೆರವಣಿಗೆಗೆ ಕುದುರೆ ಬಿಡೋರು ಒಬ್ಬರು ವಿಚಾರಿಸಿದ್ರಂತೆ. ಅದನ್ನ ಕೇಳಿದಾಗಿಂದ ನಂಗೆ ನಿದ್ದೆ ಬರ್ತಿಲ್ಲ, ಬ್ಯಾಂಡ್ ಸೆಟ್ಟು ಪಟಾಕಿ ಮಧ್ಯೆ ಡಾಂಬರು ರೋಡಲ್ಲಿ ಈ ವಯಸ್ಸಲ್ಲಿ ಅದನ್ನ ನಿಲ್ಲಿಸೋದನ್ನ ಯೋಚನೆನೂ ಮಾಡೋಕಾಗಲ್ಲ.

ಹಾಗಂತ ಕಣ್ಣು ಮುಚ್ಚಿ ಸೈನ್ ಹಾಕೋಕೂ ಭಯ. ಇತ್ತೀಚೆಗೆ ಹುಲ್ಲನ್ನ ಅರ್ಧ ಅಗಿದು ಉಂಡೆ ಮಾಡಿ ಉಗೀತಾ ಇದೆ. ಚಳಿಗಾಲದ ಕೂದಲು ಯುಗಾದಿ ಕಳೆದ್ರೂ ಉದುರಿಲ್ಲ, ಹೊಟ್ಟೆ ಕೆಳಗೆ ಉದ್ದುದ್ದ ಸುರುಳಿ ಸುರುಳಿಯಾಗಿದೆ. ಬೆಳಗ್ಗೆ ಮುಂದಿನ ಕಾಲು ಎತ್ತಿಡೋದು ನಿಧಾನ. ಯಜಮಾನ್ರು 'ದಿನಾ ನಾವೇ ನೋಡ್ಕೊಳ್ತಿರೋದು, ಹೆಸರು ಯಾರದಿದ್ರೆ ಏನು' ಅಂತಾರೆ. ಅತ್ತೆಯವರು ಮನೆಗೆ ಬಂದ ಪ್ರಾಣಿನ ಕಳಿಸಬಾರದು ಅಂತಾರೆ, ಆದ್ರೆ ಮುಂದೆ ತುಂಬಾ ನರಳಿದ್ರೆ ಇಂಜೆಕ್ಷನ್ ಕೊಡಿಸಿ ಪ್ರಾಣ ತೆಗೆಸೋ ಮಾತು ಎತ್ತಿದ್ರೆ ಅವರು ಕೂಡಲೇ ಎದ್ದು ಒಳಗೆ ಹೋಗ್ತಾರೆ. ನಂಗೆ ನಿಜವಾಗ್ಲೂ ಇರೋ ಚಿಂತೆ ಅದೇ. ಇಷ್ಟು ದಿನ ಅಂಥ ನಿರ್ಧಾರ ಪೋನಿ ಮಾಲೀಕರದು, ಇನ್ಮೇಲೆ ನಂದಾಗುತ್ತೆ. ಈ ಥರ ವಯಸ್ಸಾದ ಕುದುರೆ ತಗೊಂಡೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಲಾಯದಲ್ಲೇ ಬೆಳೆದವ:

ಅಕ್ಕಾ, ನಮ್ಮಪ್ಪ ಸೈಸ್ (ಕುದುರೆ ನೋಡ್ಕೊಳ್ಳೋ ಕೆಲಸದವರು) ಆಗಿದ್ರು, ರೇಸ್‌ಕೋರ್ಸ್ ರೋಡ್ ಕಡೆ ಲಾಯದ ವಾಸನೇಲೇ ನಾನು ದೊಡ್ಡವನಾಗಿದ್ದು. ನನ್ನ ಮಾತು ನೇರವಾಗಿ ಹೇಳ್ತೀನಿ, ತಗೊಳ್ಳಿ. ವಯಸ್ಸಾದ ಪೋನಿ ಒಂದು ಸಲ ಒಳ್ಳೆ ಕೈ ತಪ್ಪಿದ್ರೆ ಆಮೇಲೆ ಕೈಯಿಂದ ಕೈಗೆ ಹೋಗ್ತಾನೇ ಇರುತ್ತೆ, ಪ್ರತಿ ಸಲ ಸ್ವಲ್ಪ ಕಮ್ಮಿ ಮೇವು ಹಾಕೋರ ಹತ್ರಾನೇ ಹೋಗುತ್ತೆ, ಇದನ್ನ ನಾನು ತುಂಬಾ ನೋಡಿದೀನಿ.

ಆದ್ರೆ ಅವರು ಊರಲ್ಲಿರುವಾಗಲೇ ಎಲ್ಲ ಚೆಕ್ ಮಾಡಿಸಿ, ಡಾಕ್ಟರ್ ಖರ್ಚು ಅವರದು ಅಂತ ಮಾತಾಗಿದೆ ಅಲ್ವಾ, ಆ ಮಾತು ಇನ್ನೂ ಚಾಲ್ತಿಲಿದೆ. ಮತ್ತೆ 24 ಅಂತ ಹೇಳಿದ್ದನ್ನ ಹಾಗೇ ನಂಬಬೇಡಿ. ಮೇಲ್ದವಡೆ ಮುಂದಿನ ಹಲ್ಲಿನ ಸಾಲಲ್ಲಿ ಮೂಲೇಲಿರೋ ಹಲ್ಲಿನ ಮೇಲೆ ಉದ್ದಕ್ಕೆ ಒಂದು ಗೀರು ಬರುತ್ತೆ, ಹತ್ತಿರತ್ತಿರ 10 ವರ್ಷಕ್ಕೆ ಒಸಡಿನ ಹತ್ರ ಶುರುವಾಗಿ 15ಕ್ಕೆ ಅರ್ಧ ಇಳಿದು 20ಕ್ಕೆ ಪೂರ್ತಿ ಹಲ್ಲಿನುದ್ದಕ್ಕೂ ಇರುತ್ತೆ, ಆಮೇಲೆ ಮೇಲಿಂದ ಮಾಯ ಆಗ್ತಾ ಬಂದು 30ರ ಹೊತ್ತಿಗೆ ಹೋಗಿಬಿಡುತ್ತೆ. ಅಂದಾಜು ಅಷ್ಟೇ, ಕೆಲವು ವರ್ಷ ಆಕಡೆ ಈಕಡೆ ಆಗಬಹುದು. ಆದ್ರೂ ಅವರು ಹೇಳಿದ ವಯಸ್ಸಿಗೆ ಹೊಂದುತ್ತಾ ಅಂತ ಒಂದು ಅಂದಾಜು ಸಿಗುತ್ತೆ. ಪೋನಿಗಳು ದೊಡ್ಡ ಕುದುರೆಗಿಂತ ಗಟ್ಟಿ ಜೀವ, ಚೆನ್ನಾಗಿ ನೋಡ್ಕೊಂಡ್ರೆ 30 ದಾಟೋದೂ ಇದೆ, ಹಾಗಾಗಿ ಇನ್ನೊಂದೆರಡು ವರ್ಷದ ಮಾತು ಅಂತ ಲೆಕ್ಕ ಹಾಕಿ ತಗೋಬೇಡಿ.

ಲಾಳ ಹೊಡೆಯೋನು ಯಾರು ಬರ್ತಾನೆ? ಅವನ ನಂಬರ್ ಇಸ್ಕೊಳ್ಳಿ, ಅವನ ಹತ್ರಾನೇ ಕೂತು ಮಾತಾಡಿ. ಸವಾರಿ ಇಲ್ಲ ಅಂದ್ರೆ ಲಾಳ ಬೇಡದೇ ಇರಬಹುದು ಆದ್ರೆ 6ರಿಂದ 8 ವಾರಕ್ಕೊಂದ್ಸಲ ಗೊರಸು ಕತ್ತರಿಸಲೇಬೇಕು. ಗೊರಸು ನೋಡಿದೋನಿಗೆ ಗೊತ್ತಿರೋಷ್ಟು ಮಾಲೀಕನಿಗೂ ಗೊತ್ತಿರಲ್ಲ.

ಪಶುವೈದ್ಯ_ಯಲಹಂಕ:

ಮೇಡಂ, ನೀವು ಬರೆದ ಮೂರು ಲಕ್ಷಣನೂ ಓದಿದೆ, ಅದರಲ್ಲಿ ಕೂದಲಿಗೂ ಕಾಲಿಗೂ ಒಂದಕ್ಕೊಂದು ಸಂಬಂಧ ಇರೋ ಸಾಧ್ಯತೆ ಇದೆ, ಪರೀಕ್ಷೆ ಮಾಡದೆ ಫೋಟೋ ನೋಡಿ ಹೇಳೋ ವಿಷಯ ಅಲ್ಲ ಇದು, ಆದ್ರೆ ಏನು ಕೇಳಬೇಕು ಅಂತ ಗೊತ್ತಿದ್ರೆ ನಿಮಗೆ ಒಳ್ಳೇದು.

ಕೂದಲು ಉದುರದೆ ಸುರುಳಿ ಆಗೋದು ವಯಸ್ಸಾದ ಪೋನಿಗಳಲ್ಲಿ ಕುಶಿಂಗ್ಸ್ ಕಾಯಿಲೆಯ ದೊಡ್ಡ ಗುರುತು. ಮೆದುಳಿನ ಬುಡದಲ್ಲಿರೋ ಪಿಟ್ಯೂಟರಿ ಗ್ರಂಥಿಯ ಒಂದು ಭಾಗ ದಪ್ಪ ಆಗಿ ಹಾರ್ಮೋನು ಜಾಸ್ತಿ ಬಿಡುತ್ತೆ. ರಕ್ತದಲ್ಲಿ ಎಸಿಟಿಎಚ್ ಅನ್ನೋ ಹಾರ್ಮೋನಿನ ಮಟ್ಟ ನೋಡಿ ಪತ್ತೆ ಮಾಡ್ತಾರೆ. ವಾಸಿ ಆಗೋ ಕಾಯಿಲೆ ಅಲ್ಲ, ಪರ್ಗೋಲೈಡ್ ಅನ್ನೋ ಮಾತ್ರೆ ದಿನಾ ಬದುಕಿರೋವರೆಗೂ ಕೊಡಬೇಕು, ಅದು ಇಲ್ಲಿ ನಿಯಮಿತವಾಗಿ ಸಿಗುತ್ತಾ ತಿಂಗಳಿಗೆ ಎಷ್ಟು ಬೀಳುತ್ತೆ ಅನ್ನೋದನ್ನ ಸೈನ್ ಹಾಕೋಕೆ ಮುಂಚೆನೇ ವಿಚಾರಿಸಿ. ಈ ಕಾಯಿಲೆ ಇರೋ ಕುದುರೆಗೆ ಗೊರಸಿನ ಒಳಗೆ ಉರಿಯೂತ ಬರೋ ಅಪಾಯ ಜಾಸ್ತಿ, ಅದೇ ಲ್ಯಾಮಿನೈಟಿಸ್. ಬೆಳಗ್ಗೆ ಮುಂದಿನ ಕಾಲು ನಿಧಾನ ಅಂದ್ರಲ್ಲ, ಬರೀ ಕೀಲುನೋವೂ ಇರಬಹುದು, ಇದೂ ಇರಬಹುದು. ಗೊರಸು ಮುಟ್ಟಿ ನೋಡಿ ಬಿಸಿ ಇದ್ಯಾ, ತಿರುಗೋಕೆ ಕಷ್ಟ ಪಡುತ್ತಾ, ಭಾರ ಹಿಂದಕ್ಕೆ ಹಾಕಿ ನಿಲ್ಲುತ್ತಾ. ಹಾಗಿದ್ರೆ ಕಾಯಬೇಡಿ, ಅವತ್ತೇ ಡಾಕ್ಟರ್ ಕರೆಸಿ. ಮುಂದಿನ ಎರಡೂ ಗೊರಸಿನ ಎಕ್ಸ್‌ರೇ ತೆಗೆಸಿದ್ರೆ ಒಳಗಿನ ಮೂಳೆ ಜಾರಿದ್ಯಾ ಇಲ್ವಾ ಗೊತ್ತಾಗುತ್ತೆ, ಈ ಇಡೀ ತೀರ್ಮಾನಕ್ಕೆ ಅದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಹುಲ್ಲು ಉಗಿಯೋದು ಹಲ್ಲಿಂದು. ಕುದುರೆ ಹಲ್ಲು ಸವೀತಾ ಇದ್ದ ಹಾಗೆ ಒಸಡಿಂದ ಮೇಲೆ ಬರ್ತಾನೇ ಇರುತ್ತೆ, ಆದ್ರೆ ಒಳಗಿರೋ ಉದ್ದ ಒಂದಿನ ಮುಗಿಯುತ್ತೆ. ಚೂಪಾದ ಅಂಚು ಇದ್ರೆ ಉಜ್ಜಿ ಸರಿ ಮಾಡಬಹುದು, ಬುಡವೇ ಮುಗಿದಿದ್ರೆ ಉದ್ದ ಹುಲ್ಲು ಅಗಿಯೋಕೆ ಆಗಲ್ಲ. ಅಂಥದ್ದಕ್ಕೆ ನಮ್ಮ ಕಡೆ ರಾಗಿ ಹುಲ್ಲು ಹಾಕಿದ್ರೆ ಅರ್ಧಂಬರ್ಧ ಅಗಿದು ನುಂಗಿ ಕರುಳಲ್ಲಿ ಕಟ್ಕೊಂಡು ಹೊಟ್ಟೆನೋವು ಬರುತ್ತೆ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ ಅನ್ನೋದು ಮರೀಬೇಡಿ.

ನಿಮ್ಮಲ್ಲಿ ಹಸು ಇರೋದ್ರಿಂದ ಇದನ್ನ ಒತ್ತಿ ಹೇಳ್ತೀನಿ. ಹಸುವಿನ ಪಶು ಆಹಾರ ಪೋನಿಗೆ ಒಂದು ಹಿಡಿನೂ ಹಾಕಬೇಡಿ, ಕೆಲವದರಲ್ಲಿ ಮೊನೆನ್ಸಿನ್ ಅನ್ನೋ ಔಷಧಿ ಸೇರಿಸಿರ್ತಾರೆ, ಹಸುಗೆ ಏನೂ ಮಾಡಲ್ಲ, ಕುದುರೆಗೆ ಹೃದಯದ ಸ್ನಾಯು ಹಾಳಾಗಿ ಸಾಯುತ್ತೆ. ಹಸುಗೆ ಅಂತ ಬೆಳೆದ ನೇಪಿಯರ್ ಹುಲ್ಲನ್ನೇ ದಿನಾ ಹಾಕೋದೂ ಬೇಡ, ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂನ ಹಿಡ್ಕೊಂಡುಬಿಡುತ್ತೆ, ಜೊತೆಗೆ ಗೋಧಿ ಬೂಸಾ ಜಾಸ್ತಿ ಆದ್ರೆ ರಂಜಕ ಏರುತ್ತೆ, ಎರಡೂ ಸೇರಿ ಮೂಳೆ ಪೊಳ್ಳಾಗಿ ಮುಖದ ಮೂಳೆ ಊದ್ಕೊಳ್ಳುತ್ತೆ. ಗರಿಕೆ ಒಳ್ಳೇದು, ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಸ್ವಲ್ಪ ಕೊಡಬಹುದು.

ಇನ್ನು ಗ್ಲ್ಯಾಂಡರ್ಸ್ ಪರೀಕ್ಷೆ. ಮನುಷ್ಯರಿಗೂ ಬರೋ ರೋಗ, 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆ ಕೆಳಗೆ ಬರುತ್ತೆ, ಖಚಿತ ಆದ್ರೆ ಆ ಪ್ರಾಣಿನ ಇಟ್ಕೊಳ್ಳೋ ಹಾಗಿಲ್ಲ. ದೇಶದ ಮುಖ್ಯ ಪ್ರಯೋಗಾಲಯ ಹಿಸಾರ್‌ನಲ್ಲಿದೆ, ಸ್ಯಾಂಪಲ್ ಕಳಿಸೋ ದಾರಿ ಪಶುಪಾಲನಾ ಇಲಾಖೆಯವರು ಹೇಳ್ತಾರೆ. ಟೆಟನಸ್ ಲಸಿಕೆ ಯಾವಾಗ ಹಾಕ್ಸಿದ್ರು ಅಂತ ಅವರನ್ನ ಕೇಳಿ, ಕುದುರೆಗೆ ಧನುರ್ವಾಯು ತುಂಬಾ ಬೇಗ ತಗಲುತ್ತೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮಗೆ ಅಂಥ ದೂರ ಅಲ್ಲ, ಆದ್ರೆ ರಾತ್ರಿ ಹೊಟ್ಟೆನೋವು ಬಂದ್ರೆ ಮನೆಗೇ ಬರೋ ಕುದುರೆ ಡಾಕ್ಟರ್ ಯಾರು ಅಂತ ಈಗಲೇ ಗೊತ್ತು ಮಾಡ್ಕೊಳ್ಳಿ.

ಕನಕಪುರ_ರೋಡ್:

ನಾನು ಬೇಡ ಅಂತೀನಿ, ಕಡೇಪಕ್ಷ ಈಗಲೇ ಬೇಡ. ಬೇಜಾರು ಮಾಡ್ಕೋಬೇಡಿ, ನಾವೂ ಹೀಗೇ ಒಂದು ಮುದಿ ಕುದುರೆನ ನಮ್ಮದಾಗಿಸ್ಕೊಂಡು ಕೊನೆವರೆಗೂ ಸಾಕಿದ್ವಿ. ಪ್ರೀತಿ ಕಮ್ಮಿ ಆಗಲ್ಲ, ಆದ್ರೆ ಖರ್ಚು ವರ್ಷ ವರ್ಷ ಏರುತ್ತೆ, ಮೇವು ನೆನೆಸಿ ದಿನಕ್ಕೆ ನಾಲ್ಕು ಹೊತ್ತು ಕೊಡೋಕೆ ಒಬ್ಬರು ಮನೇಲೇ ಇರಬೇಕಾಗುತ್ತೆ, ಊರಿಗೆ ಹೋಗೋಕಾಗಲ್ಲ, ಮದುವೆಗೆ ಹೋಗೋಕಾಗಲ್ಲ. ಮಗಳು ನಾಳೆ ಇಂಜಿನಿಯರಿಂಗ್ ಅಂತ ಬೇರೆ ಊರಿಗೆ ಹೋದ್ರೆ ಆ ಕೆಲಸ ನಿಮ್ಮ ಮೇಲೇ ಬೀಳೋದು.

ಇನ್ನೊಂದು ದಾರಿ ಇದೆ ಯಾಕೆ ಯಾರೂ ಹೇಳ್ತಿಲ್ಲ? ಅವರು ವಿದೇಶಕ್ಕೆ ಹೋದ ಮಾತ್ರಕ್ಕೆ ಮಾಲೀಕತ್ವ ಬಿಡಲೇಬೇಕು ಅಂತೇನಿಲ್ಲ. ಈಗಿನ ಥರನೇ ಇರಲಿ, ತಿಂಗಳಿಗೆ ಇಷ್ಟು ಅಂತ ಹಾಕ್ತಾ ಇರಿ, ಎಲ್ಲ ಬರವಣಿಗೇಲಿ ಮಾಡ್ಕೊಳ್ಳೋಣ ಅಂತ ಕೇಳಿ. ಇಷ್ಟು ವರ್ಷ ಸವಾರಿ ಮಾಡಿದ ಮನೆಯವರು ಕೊನೆಗಾಲದ ಖರ್ಚಲ್ಲಿ ಪಾಲು ಕೊಡೋದು ನ್ಯಾಯ ಅಲ್ವಾ.

ಮತ್ತೆ ಸತ್ತಾಗ ಏನು ಮಾಡೋದು ಅಂತಲೂ ಯೋಚನೆ ಮಾಡಿ. ಪೋನಿ ಅಂದ್ರೂ ಇನ್ನೂರು ಮುನ್ನೂರು ಕೆಜಿ. ಆಳದ ಗುಂಡಿಗೆ ಜೆಸಿಬಿ ಬೇಕು, ಬೋರ್‌ವೆಲ್ ಬಾವಿಯಿಂದ ದೂರ ಇರಬೇಕು, ಮಳೆಗಾಲದಲ್ಲಿ ಗಾಡಿ ಒಳಗೆ ಬರೋಕೆ ದಾರಿ ಇರಬೇಕು.

ಹಲಸೂರು_ವಕೀಲ:

ಮೇಲಿನವರ ದಾರಿ ಕೇಳೋಕೆ ಚೆನ್ನಾಗಿದೆ, ಆದ್ರೆ ಸಮುದ್ರದಾಚೆ ಇರೋ ಮಾಲೀಕರ ಒಪ್ಪಿಗೆಗೆ ರಾತ್ರಿ ಎರಡು ಗಂಟೆಗೆ ಫೋನ್ ಮಾಡ್ತಾ ಕೂರೋ ಪರಿಸ್ಥಿತಿ ಪ್ರಾಣಿಗೆ ಒಳ್ಳೇದಲ್ಲ. ನಿಮ್ಮ ಯಜಮಾನ್ರ ಪ್ರಶ್ನೆಗೆ ಕಾನೂನಿನ ಉತ್ತರ ಹೇಳ್ತೀನಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೇಲಿ ಮಾಲೀಕ ಅಂದ್ರೆ ಪ್ರಾಣಿ ಸದ್ಯಕ್ಕೆ ಯಾರ ವಶದಲ್ಲಿದೆಯೋ ಅವರೂ ಸೇರ್ತಾರೆ, 2ನೇ ಸೆಕ್ಷನ್ ನೋಡಿ. 3ನೇ ಸೆಕ್ಷನ್ ಪ್ರಕಾರ ಅದರ ಯೋಗಕ್ಷೇಮ ನೋಡೋದು, ಸುಮ್ಮನೆ ನೋವು ಆಗದ ಹಾಗೆ ತಡೆಯೋದು ನೋಡ್ಕೊಳ್ತಿರೋರ ಕರ್ತವ್ಯ. ಅಂದ್ರೆ ಹೊಣೆ ಈಗಾಗಲೇ ನಿಮ್ಮ ಮೇಲಿದೆ ಮೇಡಂ, ಇಲ್ಲದೇ ಇರೋದು ಅಧಿಕಾರ. ಎಲ್ಲಿ ಇರಬೇಕು, ಯಾವ ಚಿಕಿತ್ಸೆ, ಯಾವಾಗ ನಿಲ್ಲಿಸೋದು ಅನ್ನೋ ಮಾತು ನಿಮ್ಮದಾಗೋದು ಕಾಗದ ಆದ್ಮೇಲೆನೇ.

ಕಾಗದದಲ್ಲಿ ಪೋನಿಯ ಬಣ್ಣ, ಎತ್ತರ, ಹಣೆ ಕಾಲಿನ ಗುರುತು, ಅಂದಾಜು ವಯಸ್ಸು ಬರೀರಿ, ಎರಡೂ ಕಡೆ ಫೋಟೋ ಅಂಟಿಸಿ, ಮೈಕ್ರೋಚಿಪ್ ಇದ್ರೆ ನಂಬರ್. ಇವತ್ತಿನವರೆಗಿನ ಬಾಕಿ ಖರ್ಚು ಅವರದು ಅಂತ ಸ್ಪಷ್ಟ ಇರಲಿ. ಮುಂದೆ ವಾಪಸ್ ಕೇಳೋ ಹಾಗಿಲ್ಲ ಅನ್ನೋ ಸಾಲು ಮರೀಬೇಡಿ. ಲಸಿಕೆ ಚೀಟಿ, ಹಳೆ ರಿಪೋರ್ಟು ಎಲ್ಲ ಇಸ್ಕೊಳ್ಳಿ.

ಹೆಸರಘಟ್ಟದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಎಲ್ಲ ಮನೇಲಿ ಜೋರಾಗಿ ಓದಿದೆ. ಅವರ ಹತ್ರ ಮಾತಾಡಿದೆ, ಹೋಗೋಕೆ ಮುಂಚೆ ರಕ್ತ ಪರೀಕ್ಷೆ, ಹಲ್ಲು, ಗೊರಸಿನ ಎಕ್ಸ್‌ರೇ ಎಲ್ಲ ಅವರ ಖರ್ಚಲ್ಲೇ ಮಾಡಿಸೋಕೆ ತಕ್ಷಣ ಒಪ್ಪಿದ್ರು. ತಿಂಗಳಿಗೆ ದುಡ್ಡು ಕಳಿಸೋ ಮಾತನ್ನೂ ಕೇಳಿದೆ, ಅದಕ್ಕೆ ಮಾತ್ರ ಸುಮ್ಮನಾದ್ರು, ಆಮೇಲೆ ಮೊದಲ ವರ್ಷದ ಔಷಧಿಗೆ ಅಂತ ಒಂದೇ ಸಲ ಕೊಡ್ತೀನಿ ಅಂದ್ರು. ನಂಗೆ ಅದು ಸಾಕು.

ಎಕ್ಸ್‌ರೇಲಿ ಮೂಳೆ ಜಾರಿಲ್ಲ ಅಂತ ಬಂದ್ರೆ ನಾನು ಸೈನ್ ಹಾಕ್ತೀನಿ. ಜಾರಿದ್ರೂ ಮದುವೆ ಮೆರವಣಿಗೆಯೋರಿಗೆ ಕೊಡಲ್ಲ, ಆಗ ಡಾಕ್ಟರ್ ಏನು ಹೇಳ್ತಾರೆ ಅಂತ ನಾವು ಅವರು ಇಬ್ಬರೂ ಒಟ್ಟಿಗೆ ಕೂತು ತೀರ್ಮಾನ ಮಾಡೋದು ಅಂತಾಗಿದೆ. ಅತ್ತೆಯವರ ಹತ್ರ ಯಜಮಾನ್ರೇ ಮಾತಾಡಿದ್ರು. 'ಎದ್ದು ನಿಲ್ಲೋಕಾಗದೆ ಮೇವು ಬಿಟ್ರೆ ಆಗ ನೋಡೋಣ, ಅಲ್ಲಿವರೆಗೂ ನನ್ನ ಹತ್ರ ಕೇಳಬೇಡಿ' ಅಂದ್ರಂತೆ. ಅಷ್ಟು ಒಪ್ಪಿದ್ದೇ ನಂಗೆ ಸಮಾಧಾನ, ಇದಕ್ಕಿಂತ ಜಾಸ್ತಿ ಅವರನ್ನ ಒತ್ತಾಯ ಮಾಡಲ್ಲ.

ಡಾಕ್ಟ್ರೇ ಒಂದು ಪ್ರಶ್ನೆ, ಹಲ್ಲು ತೋರಿಸೋವರೆಗೂ ಈಗ ಏನು ಹಾಕ್ಲಿ? ರಾಗಿ ಹುಲ್ಲು ನಿಲ್ಲಿಸಿದೀನಿ, ಹಸುಗಳ ಮೇವಿನ ಡ್ರಮ್ಮು ಬೇರೆ ಶೆಡ್ಡಿಗೆ ಹಾಕಿ ಬೀಗ ಹಾಕಿದೀನಿ.

ಪಶುವೈದ್ಯ_ಯಲಹಂಕ:

ಒಳ್ಳೆ ಕೆಲಸ ಮಾಡಿದ್ರಿ ಮೇಡಂ. ಎಳೆ ಗರಿಕೆ ಸಣ್ಣಗೆ ಕತ್ತರಿಸಿ ಹಾಕಿ. ಒಣ ಮೇವು ಏನೇ ಇದ್ರೂ ಕತ್ತರಿಸಿ ನೀರಲ್ಲಿ ಪೂರ್ತಿ ಮೆತ್ತಗಾಗೋವರೆಗೂ ನೆನೆಸಿ, ಗಂಜಿ ಥರ ಆದ್ರೂ ಪರವಾಗಿಲ್ಲ, ಒಣಗಿದ್ದು ಗಂಟಲಲ್ಲಿ ಸಿಕ್ಕಾಕೊಳ್ಳುತ್ತೆ. ನೀರಿನಂಶ ಬಿಟ್ಟು ಒಣ ತೂಕದ ಲೆಕ್ಕದಲ್ಲಿ ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗ, ಅಂದ್ರೆ 250 ಕೆಜಿ ಪೋನಿಗೆ ಸುಮಾರು 4ರಿಂದ 5 ಕೆಜಿ, ನಾಲ್ಕೈದು ಹೊತ್ತಿಗೆ ಹಂಚಿ, ಮೇವು ಬದಲಾಯಿಸೋದನ್ನ ಒಂದೇ ದಿನಕ್ಕೆ ಮಾಡದೆ ವಾರ ಹತ್ತು ದಿನ ತಗೊಳ್ಳಿ. ಬೆಲ್ಲ, ಅಕ್ಕಿ, ಬಾಳೆಹಣ್ಣು ಯಾರೂ ಕೊಡದ ಹಾಗೆ ನೋಡ್ಕೊಳ್ಳಿ, ಕುಶಿಂಗ್ಸ್ ಇಲ್ಲ ಅಂತ ಖಚಿತ ಆಗೋವರೆಗೂ ಸಕ್ಕರೆ ಅಂಶ ಬೇಡವೇ ಬೇಡ. ಬಿಸಿಲಲ್ಲಿ ಆ ಕೂದಲಿಗೆ ಸೆಖೆ ಆಗುತ್ತೆ, ಹೊಟ್ಟೆ, ಕತ್ತಿನ ಕೆಳಗಿನ ಕೂದಲು ಕತ್ತರಿಸಿಬಿಡಿ. ರಿಪೋರ್ಟ್ ಬಂದ ದಿನ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.