ಜೋಂಗಾ ಬಿಸಿಯಾದ್ರೆ ನಿಂತುಬಿಡುತ್ತೆ, ಕಾರ್ಬುರೇಟರ್ 3 ಸಲ ಬಿಚ್ಚಿದ್ದಾಯ್ತು

ತೋಟದಮನೆ, ಸೋಮವಾರಪೇಟೆ:
ನಮಸ್ಕಾರ. ಮಾವ ಮಿಲಿಟರಿ ಹರಾಜಲ್ಲಿ ತಗೊಂಡಿದ್ದ ಜೋಂಗಾ (ಸೇನೆಯ ಹಳೇ ಜೀಪು) 9 ವರ್ಷ ಕಣದ ಪಕ್ಕದ ಶೆಡ್ಡಲ್ಲೇ ಕೂತಿತ್ತು. ಬಾನೆಟ್ ಮೇಲೆ ಗೊಬ್ಬರದ ಚೀಲ, ಸೀಟಿನೊಳಗೆ ಇಲಿ ಸಂಸಾರ. ಹೋದ ಮಳೆಗಾಲದಿಂದ ನಾನೇ ಬಿಚ್ಚಿ ಜೋಡಿಸ್ತಿದ್ದೀನಿ. ಡೀಸೆಲ್ ಎಂಜಿನ್ ಕೂರಿಸು ಅಂತ ಹೇಳದವರಿಲ್ಲ. ನಾನು ಜಬಲ್ಪುರದ ಕಾರ್ಖಾನೆಯಿಂದಲೇ ಬಂದ 3956 ಸಿಸಿ, ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ನೇ ಉಳಿಸ್ಕೊಂಡೆ. ಕುಡಿಯುತ್ತೆ, ಗೊತ್ತು. ಆ ಸದ್ದು ಕೇಳಿದವರಿಗೆ ಅರ್ಥ ಆಗುತ್ತೆ.

ತಣ್ಣಗಿದ್ರೆ ಒಂದೇ ಸಲ ಸೆಲ್ಫ್ ಹೊಡೆದ್ರೆ ಸ್ಟಾರ್ಟ್. ಇಪ್ಪತ್ತು ನಿಮಿಷ ಓಡಿ ಏರು ಹತ್ತುವಾಗ ಎರಡು ಸಲ ಕೆಮ್ಮಿ ನಿಲ್ಲುತ್ತೆ. ಅರ್ಧ ಗಂಟೆ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಡುತ್ತೆ. ಕಿಡಿಗೆ ಬೇಕಾದ ಪ್ಲಗ್, ಪಾಯಿಂಟ್, ಕಂಡೆನ್ಸರ್ ಎಲ್ಲಾ ಹೊಸದು. ಮೆಕ್ಯಾನಿಕ್, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬುರೇಟರೇ ಬದಲಾಯಿಸು ಅಂತಾರೆ.

ಹಳೇಗಾಡಿ, ಹಾಸನ:
ವೇಪರ್ ಲಾಕ್ ಇರಬೇಕು. ಪೈಪು ಸೈಲೆನ್ಸರ್ ಹತ್ತಿರ ಹಾದಿದ್ರೆ ಪೆಟ್ರೋಲು ದಾರೀಲೇ ಆವಿಯಾಗುತ್ತೆ, ಪಂಪು ಬರೀ ಆವಿ ಎಳೆಯುತ್ತೆ. ನಿಂತ ತಕ್ಷಣ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ನೋಡಿ.

ನಿವೃತ್ತ ಇಎಂಇ:
ತಮ್ಮಾ, ಕಾರ್ಬುರೇಟರ್ ಬಿಟ್ಟುಬಿಡು, ಪಾಪ. ಸೇನೆಯ ಗಾಡಿ ರಿಪೇರಿ ವಿಭಾಗ ಇಎಂಇಯಲ್ಲಿದ್ದೆ, ಶಕ್ತಿಮಾನ್, ಒನ್ ಟನ್ ಲಾರಿ, ಜೋಂಗಾ ಎಲ್ಲದರ ಕೆಳಗೂ ಮಲಗಿ ಎದ್ದವನು ನಾನು. ಗಾಡಿ ನಿಂತಿರುವಾಗಲೇ ನೋಡಬೇಕು, ತಣ್ಣಗಾದ ಮೇಲೆ ಎಲ್ಲಾ ಸಾಚಾನೇ. ಮೊದಲು ಕಿಡಿ: ಒಂದು ಪ್ಲಗ್ ಬಿಚ್ಚಿ ವೈರಿಗೆ ಸಿಕ್ಕಿಸಿ ಬ್ಲಾಕಿಗೆ ತಾಗಿಸು, ಯಾರಾದ್ರೂ ಸೆಲ್ಫ್ ಹೊಡೀಲಿ. ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು. ನೀಲಿ ಕಿಡಿ ಬಂದ್ರೆ ಕಾಯಿಲ್, ಡೆಲ್ಕೋ (ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್) ಕಡೆ ಹೋಗಬೇಡ, ಟ್ಯಾಂಕಿನಿಂದ ಪಂಪಿನವರೆಗೆ ಕೈಯಾಡಿಸು. ಈಗಿನ ಪೆಟ್ರೋಲಲ್ಲಿ ಶೇ. 20 ಎಥನಾಲ್. ಹಳೇ ರಬ್ಬರಿಗೆ ಅದು ಆಗಿಬರಲ್ಲ.

ತೋಟದಮನೆ, ಸೋಮವಾರಪೇಟೆ:
ಸಿಕ್ತು! ಭಾನುವಾರ ಏರಲ್ಲೇ ನಿಲ್ಲಿಸ್ಕೊಂಡು ನೋಡಿದೆ. ಕಿಡಿ ಚೆನ್ನಾಗಿ ಬಂತು. ಒದ್ದೆ ಬಟ್ಟೆ ಸುತ್ತಿದೆ, ಸ್ಟಾರ್ಟೂ ಆಯ್ತು. ವೇಪರ್ ಲಾಕೇ ಅಂತ ಖುಷಿಪಟ್ಟು ಪೈಪಿಗೆ ಹೊದಿಕೆ ಸುತ್ತಿದ್ರೆ ಮಾರನೇ ದಿನ ಮತ್ತೆ ಅದೇ ಕಥೆ.

ಕೊನೆಗೆ ಚಾಸಿಸ್‌ನಿಂದ ಪಂಪಿಗೆ ಬರೋ ಗೇಣುದ್ದದ ರಬ್ಬರ್ ಪೈಪು ಬಿಚ್ಚಿ ಉದ್ದಕ್ಕೆ ಸೀಳಿದೆ. ಹೊರಗೆ ಹೊಸದರ ಹಾಗೆ ಕರ್ರಗಿದೆ. ಒಳಪದರ ನೀರಲ್ಲಿ ನೆನೆದ ಹುಣಸೆಹಣ್ಣಿನ ಸಿಪ್ಪೆ ಥರ ಕಿತ್ತು ನೇತಾಡ್ತಿತ್ತು. ಬಿಸಿಗೆ ಮೆತ್ತಗಾಗಿ, ಪಂಪು ಎಳೆದಾಗ ಅದೇ ದಾರಿ ಮುಚ್ಚುತ್ತಿತ್ತು. ತಣ್ಣಗಾದ್ರೆ ಬಿಟ್ಕೊಳ್ಳುತ್ತಿತ್ತು. ಒದ್ದೆ ಬಟ್ಟೆ ಕೆಲಸ ಮಾಡಿದ್ದೂ ಅದಕ್ಕೇ. ಎಥನಾಲ್ ತಡೆಯೋ ಪೈಪು ಹಾಕಿದೆ, ಮಡಿಕೇರಿಗೆ ಹೋಗಿಬಂದೆ, ಒಂದು ಸಲವೂ ಕೆಮ್ಮಲಿಲ್ಲ. ಮುಂದಿನ ವಾರ ಮಿಲಿಟರಿ ಹಸಿರು ಬಣ್ಣ ಹೊಡೀತೀನಿ.

ನಿವೃತ್ತ ಇಎಂಇ:
ಶಾಭಾಸ್. ಪಂಪಿನೊಳಗಿನ ಪದರ, ಡಯಾಫ್ರಮ್ಮೂ ಅದೇ ವಯಸ್ಸಿನದು, ಈಗಲೇ ಬದಲಾಯಿಸು. ಅದು ಹರಿದ್ರೆ ಪೆಟ್ರೋಲು ಎಂಜಿನ್ ಆಯಿಲಿಗೆ ಸೇರುತ್ತೆ. ಡಿಪ್‌ಸ್ಟಿಕ್ ಮೂಸಿ ನೋಡು. ಬಣ್ಣ ಮಾತ್ರ ಬೇಡ ತಮ್ಮಾ. ಆಲಿವ್ ಹಸಿರು ಸೇನೆಯ ಗಾಡಿಗಳಿಗಷ್ಟೇ, 1989ರ ಮೋಟಾರು ವಾಹನ ನಿಯಮದಲ್ಲೇ ಇದೆ. ಆರ್‌ಟಿಒದಲ್ಲಿ ನಿಲ್ಲಿಸ್ತಾರೆ.

ತೋಟದಮನೆ, ಸೋಮವಾರಪೇಟೆ:
ಅಯ್ಯೋ, 4 ಲೀಟರ್ ತಂದಿಟ್ಟಿದ್ದೀನಲ್ಲ! ಹೋಗಲಿ, ತೋಟದ ಗೇಟಿಗೆ ಹೊಡೀತೀನಿ.